1949ರ ಸೆಣಬಿನ ಬೆಲೆ: ಹಟ ಕರಾಚಿಯದೋ, ದೆಹಲಿಯದೋ?

ಇತಿಹಾಸಪ್ರಿಯ: ವಿಭಜನೆ ಆದಾಗ ಸೆಣಬಿನ ಗಿರಣಿಗಳು ಕಲ್ಕತ್ತಾದ ಹೂಗ್ಲಿ ನದಿ ದಂಡೆಯಲ್ಲಿ ನಮಗೆ ಉಳಿದವು, ಸೆಣಬು ಬೆಳೆಯುವ ಹೊಲದ ಹೆಚ್ಚಿನ ಪಾಲು ಪಾಕಿಸ್ತಾನದ ಪೂರ್ವ ಬಂಗಾಳಕ್ಕೆ (ಇಂದಿನ ಬಾಂಗ್ಲಾದೇಶ) ಹೋಯ್ತು. ಮನೆಯ ಮಾಲು ರಾತ್ರೋರಾತ್ರಿ ಆಮದು ಮಾಲಾಯ್ತು. 1949ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪೌಂಡ್ ಬೆಲೆ ಇಳಿದಾಗ ನಾವೂ ರೂಪಾಯಿ ಬೆಲೆ ಇಳಿಸಿದೆವು, ಪಾಕಿಸ್ತಾನ ಇಳಿಸಲಿಲ್ಲ. ಅವರ 100 ರೂಪಾಯಿಗೆ ನಮ್ಮದು 144! ಗಿರಣಿಗಳ ಕತ್ತು ಹಿಸುಕಿದ್ದು ಆಗಿನ ಪಾಕಿಸ್ತಾನದ ರಾಜಧಾನಿ ಕರಾಚಿಯ ಈ ಹಟವೇ.

ಲೆಕ್ಕಿಗ: ಇದು ಅರ್ಧ ಲೆಕ್ಕ ಸರ್. ಮೊದಲು ಒಂದು ಡಾಲರಿಗೆ ಸುಮಾರು 3.31 ರೂಪಾಯಿ, ಆಮೇಲೆ 4.76. ಅಮೆರಿಕಕ್ಕೆ ಗೋಣಿಬಟ್ಟೆ ಮಾರಿದವನ ಕೈಗೆ ಬರುವ ರೂಪಾಯಿಯೂ ಅಷ್ಟೇ ಪಾಲು ಏರಿತಲ್ಲ! ಡಾಲರಿನಲ್ಲಿ ನೋಡಿದರೆ ಸೆಣಬು ದುಬಾರಿ ಆಗಲೇ ಇಲ್ಲ. ಆ ದರವನ್ನು ಒಪ್ಪದೆ ವ್ಯಾಪಾರ ನಿಲ್ಲಿಸಿಕೊಂಡವರು ನಾವು.

ಇತಿಹಾಸಪ್ರಿಯ: ಹಾಗಾದರೆ ದೇಶದೊಳಗೆ ಅಕ್ಕಿ, ಸಕ್ಕರೆ, ಕಾಫಿ ತುಂಬಲು ಚೀಲ ಕೊಳ್ಳುವವನಿಗೆ ಡಾಲರ್ ಎಲ್ಲಿಂದ ಬರಬೇಕು? ಏರಿದ ಬೆಲೆ ನೇರವಾಗಿ ಅವನ ತಲೆ ಮೇಲೆ. ಅಲ್ಲದೆ ರೂಪಾಯಿ ಇಳಿಸಿದ್ದೇ ಹೊರಗೆ ಅಗ್ಗಕ್ಕೆ ಮಾರೋಣ ಅಂತ. ಕಚ್ಚಾ ಮಾಲೇ ಏರಿದ ಮೇಲೆ ಅಗ್ಗ ಮಾಡುವುದು ಹೇಗೆ? ಅಮೆರಿಕದವರು ಆಗಲೇ ಕಾಗದದ ಚೀಲದತ್ತ ತಿರುಗುತ್ತಿದ್ದರು.

ಪುಂಡಿಸೊಪ್ಪು: ನೀವಿಬ್ಬರೂ ರೈತನನ್ನು ಬಿಟ್ಟೇ ಮಾತಾಡ್ತಿದ್ದೀರಿ. 'ನಾವೇ ಬೆಳೀತೀವಿ' ಅಂತ ಹೊರಟು 1947-48ರಲ್ಲಿ ಸುಮಾರು 17 ಲಕ್ಷ ಬೇಲ್ (ಒತ್ತಿ ಕಟ್ಟಿದ ಹೊರೆ) ಇದ್ದ ಸೆಣಬಿನ ಬೆಳೆಯನ್ನು 1950-51ಕ್ಕೆ 33 ಲಕ್ಷದ ಹತ್ತಿರ ತಂದರು. ದೊಡ್ಡ ಸಾಧನೆ, ನಿಜ. ಆದರೆ ಬಂಗಾಳದಲ್ಲಿ ಸೆಣಬು ಬಿತ್ತುವುದು ಮುಂಗಾರು ಭತ್ತದ ಗದ್ದೆಗೇ. ಅನ್ನದ ನೆಲ ಸೆಣಬಿಗೆ ಹೋಯ್ತು ಅಂತ ಅರ್ಥ. 1951ರಲ್ಲಿ ಗೋಧಿಗಾಗಿ ಅಮೆರಿಕದಿಂದ 19 ಕೋಟಿ ಡಾಲರ್ ಸಾಲ ತಂದ ದೇಶ ಇದು! ಇನ್ನು ನಾರಿನ ಗುಣ. ಕೊಯ್ದ ದಂಟನ್ನು ಎರಡು ಮೂರು ವಾರ ನೀರಲ್ಲಿ ಕೊಳೆಹಾಕಿ, ಸೊಂಟಮಟ್ಟ ನೀರಲ್ಲಿ ನಿಂತು ನಾರು ಬಿಡಿಸಬೇಕು. ಒಳ್ಳೆ ನೀರಿಲ್ಲದ ಕಡೆ ನಾರು ಕಪ್ಪಾಗುತ್ತೆ, ಬಿರುಸಾಗುತ್ತೆ. ನಮ್ಮ ಪುಂಡಿ ನಾರನ್ನೂ ಗಿರಣಿಗಳು 'ಮೇಸ್ತಾ' ಅಂತ ಬೆರೆಸಿಕೊಂಡವು, ಒರಟು ಚೀಲಕ್ಕೆ ನಡೆಯಿತು.

ನದಿತೀರ: ಆಚೆ ದಡದ ರೈತನ ಪಾಡೂ ಅಷ್ಟೇ. ಕಲ್ಕತ್ತಾ ಕೊಳ್ಳದಿದ್ದರೆ ಅವನ ಬೇಲು ಒಯ್ಯುವವರು ಯಾರು? ನಾವು ಅವರಿಗೆ ಕಲ್ಲಿದ್ದಲು ಕಳಿಸುವುದನ್ನು ನಿಲ್ಲಿಸಿದೆವು, ಅವರು ಪೂರ್ವ ಬಂಗಾಳದ ನಾರಾಯಣಗಂಜಿನಲ್ಲಿ ಸ್ವಂತ ಗಿರಣಿ ಎಬ್ಬಿಸಿದರು. ಒಂದೇ ನದಿಬಯಲಿನ ಕಸುಬು ಎರಡು ಹೋಳಾಯ್ತು. ನನಗೆ ಇದೇ ಹೆಚ್ಚು ಸಂಕಟ ಕೊಡುವ ಸಂಗತಿ.

ಲೆಕ್ಕಿಗ: 1951ರ ಫೆಬ್ರವರಿಯ ಭಾರತ-ಪಾಕಿಸ್ತಾನ ವ್ಯಾಪಾರ ಒಪ್ಪಂದದಲ್ಲಿ ದೆಹಲಿ ಕೊನೆಗೂ ಒಪ್ಪಿದ್ದು ಆ 144ರ ದರವನ್ನೇ. ಅಷ್ಟರಲ್ಲಿ ಕೊರಿಯಾ ಯುದ್ಧದಿಂದ ಸೆಣಬಿನ ಮೂಲ ಬೆಲೆಯೇ ಗಗನಕ್ಕೇರಿತ್ತು. 1949ರಲ್ಲೇ ಕೊಂಡಿದ್ದರೆ ಇದಕ್ಕಿಂತ ಅಗ್ಗವಾಗುತ್ತಿತ್ತು.

ಇತಿಹಾಸಪ್ರಿಯ: ಕೊರಿಯಾ ಯುದ್ಧ ಆಗುತ್ತೆ ಅಂತ 1949ರಲ್ಲಿ ಯಾರಿಗೆ ಗೊತ್ತಿತ್ತು ಸರ್? ಆವತ್ತು ಆ ದರ ಒಪ್ಪಿದ್ದರೆ ಪಾಕಿಸ್ತಾನದಿಂದ ತರುವ ಹತ್ತಿಗೂ ಅದೇ ದರ ಕಟ್ಟಬೇಕಿತ್ತು. ಅದನ್ನೂ ಲೆಕ್ಕಕ್ಕೆ ಸೇರಿಸಿ.