ಸಹಾಯ ಬೇಕು: ಒಂದೇ ಕಡತಕ್ಕೆ ಎರಡು ತಂಡಗಳ ಒಪ್ಪಿಗೆ ಕಡ್ಡಾಯ ಮಾಡುವುದು ಹೇಗೆ?

ಕಚೇರಿಯ ಒಳಗಿನ ನಿಯಮಗಳೆಲ್ಲ ಗಿಟ್‌ಹಬ್‌ನಲ್ಲಿ (ಕಡತಗಳನ್ನಿಟ್ಟು ಪ್ರತಿ ತಿದ್ದುಪಡಿಯ ದಾಖಲೆ ಇಡುವ ತಾಣ) ಮಾರ್ಕ್‌ಡೌನ್ ಎಂಬ ಸರಳ ಪಠ್ಯದ ಕಡತಗಳಾಗಿವೆ. ಮೇನ್ ಬ್ರಾಂಚ್‌ಗೆ, ಅಂದರೆ ಅಂತಿಮ ಪ್ರತಿಗೆ, ಏನೇ ಸೇರಿಸಲು ಕೋಡ್‌ಓನರ್ಸ್ (ಯಾವ ಕಡತಕ್ಕೆ ಯಾರು ಹೊಣೆ ಎಂದು ಸಾಲುಸಾಲಾಗಿ ಬರೆದಿಡುವ ಪಟ್ಟಿ) ಪ್ರಕಾರ ಹೊಣೆ ಇರುವವರ ಒಪ್ಪಿಗೆ ಕಡ್ಡಾಯ. ರಜೆ ನಿಯಮದ ಫೋಲ್ಡರ್‌ಗೆ ಮಾತ್ರ ಎಚ್‌ಆರ್, ಲೀಗಲ್ ಎರಡೂ ತಂಡ ಒಪ್ಪಲೇಬೇಕು. ಆ ಪಟ್ಟಿಯ ಒಂದೇ ಸಾಲಿನಲ್ಲಿ ಎರಡೂ ತಂಡ ಬರೆದರೆ ಯಾರಾದರೂ ಒಬ್ಬರು ಒಪ್ಪಿದರೆ ಮುಗಿಯಿತು. ಎರಡು ಸಾಲು ಮಾಡಿದರೆ ಕೊನೆಯದಷ್ಟೇ ಲೆಕ್ಕಕ್ಕೆ. ಒಪ್ಪಿಗೆಗಳ ಸಂಖ್ಯೆ 2 ಮಾಡಿದರೂ ಎಚ್‌ಆರ್‌ನವರೇ ಇಬ್ಬರು ಒತ್ತಿಬಿಡಬಹುದು. (ಎರಡೂ ತಂಡಕ್ಕೆ ರೈಟ್ (ಬರೆಯುವ) ಅನುಮತಿ ಇದೆ, ಅದನ್ನು ಕೇಳಬೇಡಿ.)

ಇದು ರೂಲ್‌ಸೆಟ್‌ನಲ್ಲೇ (ಬ್ರಾಂಚ್‌ಗೆ ನಿಯಮ ಹಾಕುವ ಗಿಟ್‌ಹಬ್ ಸೆಟ್ಟಿಂಗ್) ಆಗುತ್ತದೆಯೇ, ಇಲ್ಲವೇ ಆಕ್ಷನ್ಸ್‌ನಲ್ಲಿ (ಗಿಟ್‌ಹಬ್ ತಾನಾಗಿ ಓಡಿಸುವ ಸ್ಕ್ರಿಪ್ಟ್‌ಗಳು) ಚೆಕ್ ಬರೆಯಬೇಕೇ?

ಇನ್ನೊಂದು. ಹೊಸ ಕಮಿಟ್ (ಉಳಿಸಿದ ತಿದ್ದುಪಡಿ) ಬಂದರೆ ಹಳೆ ಒಪ್ಪಿಗೆ ರದ್ದಾಗುವ ಆಯ್ಕೆ ಆನ್ ಇದೆ. ಒಂದು ಒತ್ತಕ್ಷರ ತಿದ್ದಿದರೂ ಲೀಗಲ್‌ನವರ ಬಾಗಿಲಿಗೆ ಮತ್ತೆ ಹೋಗಬೇಕು. ಆಫ್ ಮಾಡಿದರೆ ಒಪ್ಪಿಗೆ ಸಿಕ್ಕ ಮೇಲೆ ರಜೆಯ ದಿನಗಳನ್ನೇ ಬದಲಿಸಿ ಮರ್ಜ್ ಮಾಡಬಹುದು (ಮೇನ್‌ಗೆ ಸೇರಿಸಬಹುದು), ಅದಕ್ಕೆ ಧೈರ್ಯವಿಲ್ಲ. ನೀವು ಬಳಸುತ್ತಿರುವ ಯಾಮಲ್ (ಆಕ್ಷನ್ಸ್ ಬರೆಯುವ ಕಡತದ ರೂಪ) ತುಣುಕಿದ್ದರೆ ಹಾಕಿ.