ಡಿ-ಅಡಿಕ್ಷನ್ ವಾರ್ಡಿನಲ್ಲಿ ಇಂಟರ್ನ್‌ಶಿಪ್: ದೊಡ್ಡ ಆಸ್ಪತ್ರೆಯೋ ಸಣ್ಣ ಕೇಂದ್ರವೋ?

ಪ್ರಶ್ನೆ: ನಮಸ್ತೆ ಮೇಡಂ. ಮಂಗಳೂರಿನಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ಇಂಟರ್ನ್‌ಶಿಪ್ ಪ್ಲೇಸ್‌ಮೆಂಟ್‌ಗೆ ಎರಡು ಕಡೆ ಅವಕಾಶ ಇದೆ. ಒಂದು ಇಲ್ಲಿಯ ದೊಡ್ಡ ಆಸ್ಪತ್ರೆಯ ಮಾನಸಿಕ ವಿಭಾಗ, ಇನ್ನೊಂದು ಉಡುಪಿ ಹತ್ತಿರದ, ಕುಡಿತದಂಥ ಚಟ ಬಿಡಿಸುವ ಸಣ್ಣ ಡಿ-ಅಡಿಕ್ಷನ್ ಕೇಂದ್ರ. ದೊಡ್ಡ ಹೆಸರಿದ್ದರೆ ಮುಂದೆ ಕೆಲಸ ಸುಲಭ ಅಂತಾರೆ. ಹಾಸನದವಳು, ತುಳು ಬರುವುದಿಲ್ಲ. ಇಂಟರ್ನ್‌ಶಿಪ್ ಮುಗಿಸಿದರೆ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ (ಮಾನಸಿಕ ರೋಗಿಗಳ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತೆ) ಅಂತ ಹೇಳಿಕೊಳ್ಳಬಹುದಾ?

ಉತ್ತರ (ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್, ಉಡುಪಿ): ಕೊನೆಯದನ್ನು ಮೊದಲು ಹೇಳುತ್ತೇನೆ. ಹಾಗೆ ಹೇಳಿಕೊಳ್ಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆ ಹೆಸರಿಗೆ ಎಂಎಸ್‌ಡಬ್ಲ್ಯು ಆದ ಮೇಲೆ ಅದೇ ವಿಷಯದಲ್ಲಿ ಎರಡು ವರ್ಷದ ಎಂ.ಫಿಲ್ ಬೇಕು. ಈಗ ನೀವು ಟ್ರೇನಿ. ರೋಗಿಗೂ ಹಾಗೆಯೇ ಪರಿಚಯ ಮಾಡಿಕೊಳ್ಳಿ.

ಎಲ್ಲಿಗೆ ಹೋಗಬೇಕು ಅಂದ್ರೆ, ಎರಡೂ ಕಡೆ ಒಂದೇ ಪ್ರಶ್ನೆ ಕೇಳಿ: "ವಾರಕ್ಕೊಮ್ಮೆ ನನ್ನ ಜೊತೆ ಕೂತು ನನ್ನ ಕೇಸುಗಳನ್ನು ನೋಡುವವರು ಯಾರು?" ಉತ್ತರಕ್ಕೆ ತಡವರಿಸಿದರೆ ಅಲ್ಲಿ ಬೇಡ. ಹೆಸರು ಎಷ್ಟು ದೊಡ್ಡದಿದ್ದರೂ ಬೇಡ.

ಇದನ್ನು ಸುಮ್ನೆ ಹೇಳುತ್ತಿಲ್ಲ. ನನ್ನ ಮೊದಲ ಪ್ಲೇಸ್‌ಮೆಂಟ್‌ನಲ್ಲಿ ಹೇಳಿಕೊಡುವವರೇ ಇರಲಿಲ್ಲ. ಮಲ್ಪೆಯ ಬೋಟಿನಲ್ಲಿ ಕೆಲಸ ಮಾಡುವ ಒಬ್ಬರು ದಾಖಲಾಗಿ ಮೂರನೇ ದಿನ. ಹಾಸಿಗೆ ಮೇಲೆ ಕೂತು ಬೆಡ್‌ಶೀಟಿನ ನೂಲು ಎಳೆದು, ಗಂಟು ಹಾಕಿ, ಮತ್ತೆ ಎಳೆಯುತ್ತಿದ್ದರು. ಬಲೆ ಕಟ್ಟುವ ಹಾಗೆ. ನಾನು ಫೈಲಿನಲ್ಲಿ "ಶಾಂತವಾಗಿದ್ದಾರೆ" ಅಂತ ಬರೆದೆ. ಆಮೇಲೆ ಬಂದ ನರ್ಸ್ ಅಕ್ಕ ಅವರ ಬೆವರು, ಕೈ ನಡುಕ ನೋಡಿ ಡಾಕ್ಟ್ರನ್ನು ಕರೆಯಲು ಓಡಿದರು. ಅದು ಡೆಲಿರಿಯಂ, ಅಂದರೆ ಕುಡಿತ ನಿಂತಾಗ ಬುದ್ಧಿ ಗೊಂದಲವಾಗುವ ಸ್ಥಿತಿ. ಕುಡಿತ ನಿಲ್ಲಿಸಿದ ಎರಡರಿಂದ ನಾಲ್ಕು ದಿನದೊಳಗೆ ಸಾಮಾನ್ಯವಾಗಿ ಬರುತ್ತದೆ, ಜೀವಕ್ಕೇ ಅಪಾಯ. ಫಿಟ್ಸ್ ಇನ್ನೂ ಬೇಗ, ಮೊದಲ 48 ಗಂಟೆಯೊಳಗೇ ಬರಬಹುದು. ಅದಕ್ಕೇ ಸಣ್ಣ ಕೇಂದ್ರವಾದರೆ ರಾತ್ರಿ ಡಾಕ್ಟ್ರು ಸಿಗುತ್ತಾರಾ ಅಂತಲೂ ಕೇಳಿ.

ತುಳು ಕಲಿಯಬಹುದು. "ಒಣಸ್ ಆಂಡಾ?" ಅಂತ ಊಟ ಆಯ್ತಾ ಕೇಳಿ ಶುರು ಮಾಡಿ, ಮುಂದಿನದನ್ನು ರೋಗಿಗಳೇ ಕಲಿಸುತ್ತಾರೆ. ಕುಡಿತದ ಲೆಕ್ಕ ಮಾತ್ರ ಸರಿಯಾಗಿ ಕೇಳಿಕೊಳ್ಳಿ. "ದಿನಕ್ಕೊಂದು ಕ್ವಾರ್ಟರ್" ಅಂದರೆ 180 ಎಂಎಲ್. ವಿಸ್ಕಿಯೋ ಬ್ರಾಂದಿಯೋ ಆದರೆ ಅದು ಒಂದು ಡ್ರಿಂಕ್‌ಗೆ 10 ಗ್ರಾಂ ಆಲ್ಕೋಹಾಲ್ ಲೆಕ್ಕದಲ್ಲಿ ಸುಮಾರು 6 ಡ್ರಿಂಕ್. "ಸ್ವಲ್ಪ ಕುಡಿಯುತ್ತಾರೆ" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾನೂ ಇಂಟರ್ನ್. "ಗಂಡನಿಗೆ ಗೊತ್ತಾಗದ ಹಾಗೆ ಸಾರಿಗೆ ಹಾಕಲು ಕುಡಿತ ಬಿಡಿಸುವ ಮಾತ್ರೆ ಕೊಡಿ" ಅಂತ ಹೆಂಡತಿಯರು ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಬೇಡ ಅಂತಲೇ ಹೇಳಿ, ಆದರೆ ಬೈಯಬೇಡಿ. ಅವರು ಕೇಳುತ್ತಿರುವುದು ಡೈಸಲ್ಫಿರಾಮ್. ಅದು ಒಳಗಿರುವಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿಯುತ್ತದೆ. ಪ್ರಾಣವೇ ಹೋಗಬಹುದು. ರೋಗಿಗೆ ಗೊತ್ತಿದ್ದು, ಒಪ್ಪಿ, ಡಾಕ್ಟ್ರು ಪರೀಕ್ಷೆ ಮಾಡಿದ ಮೇಲೆಯೇ ಕೊಡುವ ಔಷಧಿ ಅದು.

ಆಮೇಲೆ ಕುರ್ಚಿ ಎಳೆದು ಅವರನ್ನೇ ಕೂರಿಸಿ. "ನಿಮಗೆ ರಾತ್ರಿ ನಿದ್ದೆ ಬರ್ತದಾ?" ಅಂತ ಕೇಳಿ. ಹೆಚ್ಚಿನವರಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ಗಂಡ ಬರಲು ಒಪ್ಪದಿದ್ದರೂ ಅವರೊಬ್ಬರೇ ಬರಬಹುದು. ರಾತ್ರಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಹೊಡೆತ ಇದ್ದರೆ ಅದನ್ನು ಅದೇ ದಿನ ನಿಮ್ಮ ಸೂಪರ್‌ವೈಸರ್‌ಗೆ ಹೇಳಿ, ನಾಳೆಗೆ ಇಡಬೇಡಿ.

ಮೊದಲು ಕೇಳಿದವರು: ಮೇಡಂ, ಎರಡೂ ಕಡೆ ಫೋನ್ ಮಾಡಿದೆ. ಸಣ್ಣ ಕೇಂದ್ರದವರು ಪ್ರತಿ ಗುರುವಾರ ಕೇಸ್ ಚರ್ಚೆ, ರಾತ್ರಿ ಡ್ಯೂಟಿ ಡಾಕ್ಟ್ರು ಇದ್ದಾರೆ ಅಂದರು. ಇನ್ನೊಂದು ಕಡೆ "ಬನ್ನಿ, ನೋಡೋಣ" ಅಂದರು. ಸೋಮವಾರ ಉಡುಪಿಗೆ ಬರುತ್ತಿದ್ದೇನೆ.