ಸೂಪರ್ ಮಾರ್ಕೆಟ್ ಬಿಲ್ಲಲ್ಲಿ 61 ರೂಪಾಯಿ ಜಾಸ್ತಿ: ವಾಪಸ್ ಪಡೆದವರು ಇದ್ದೀರಾ?

ಸರಸ್ವತಿಪುರಂ ಗೃಹಿಣಿ
ಎಲ್ಲರಿಗೂ ನಮಸ್ಕಾರ. ಭಾನುವಾರ ಮನೆ ಹತ್ತಿರದ ಸೂಪರ್ ಮಾರ್ಕೆಟ್‌ನಲ್ಲಿ ತಿಂಗಳ ಸಾಮಾನು ತಂದ್ವಿ. ಬಿಲ್ಲು 2,846 ರೂ. ಮನೇಲಿ ಡಬ್ಬಕ್ಕೆ ತುಂಬ್ತಾ ನೋಡಿದ್ರೆ ತೊಗರಿಬೇಳೆಗೆ ಶೆಲ್ಫಿನ ಚೀಟೀಲಿ 149 ಇತ್ತು, ಬಿಲ್ಲಲ್ಲಿ 168. ಪಾತ್ರೆ ಸೋಪು ಮೂರು ತಗೊಂಡ್ರೆ ಒಂದು ಫ್ರೀ ಅಂತ ಬೋರ್ಡು, ಆದ್ರೆ ನಾಲ್ಕಕ್ಕೂ ದುಡ್ಡು ಹಾಕಿದ್ದಾರೆ, ಅದು 30. ಕೇಳದೇನೇ ಕೈಚೀಲಕ್ಕೆ 12. ಫೋನ್ ಮಾಡಿದ್ರೆ "ಬಿಲ್ ಆದ್ಮೇಲೆ ಏನೂ ಮಾಡಕ್ಕಾಗಲ್ಲ ಮೇಡಂ" ಅಂದ್ರು. ಅರವತ್ತು ರೂಪಾಯಿಗೆ ಯಾಕೆ ತಲೆ ಕೆಡಿಸ್ಕೋತೀಯ ಅಂತಾರೆ ನಮ್ಮೆಜಮಾನ್ರು. ನನಗೆ ಬಿಡಕ್ಕೆ ಮನಸ್ಸಿಲ್ಲ. ನೀವೆಲ್ಲ ಹೇಗೆ ಮಾಡಿದ್ರಿ, ಹೇಳ್ತೀರಾ?

ಕುವೆಂಪುನಗರ, ನಿವೃತ್ತ ಬ್ಯಾಂಕ್ ನೌಕರ
ಬಿಡಬೇಡಿ ತಾಯಿ. ನಾನು 2019ರಿಂದ ಒಂದು ಬಿಲ್ಲನ್ನೂ ಬಿಸಾಕಿಲ್ಲ. ಆ ಕಾಗದ ಮೂರು ತಿಂಗಳಿಗೆಲ್ಲ ಬೆಳ್ಳಗಾಗುತ್ತೆ, ಹಾಗಾಗಿ ಮನೆಗೆ ಬಂದ ತಕ್ಷಣ ಫೋಟೋ.

ನನ್ನ ಕಥೆ ಕೇಳಿ. 2025ರ ಸೆಪ್ಟೆಂಬರ್ 22ಕ್ಕೆ ಶಾಂಪೂ, ಸೋಪು, ಟೂತ್‌ಪೇಸ್ಟಿನ ಜಿಎಸ್‌ಟಿ 18ರಿಂದ 5ಕ್ಕೆ ಇಳೀತಲ್ಲ. ಅದಾಗಿ ಎರಡು ವಾರದ ಮೇಲೆ ಒಂದು ಶಾಂಪೂ ತಂದೆ, 180 ರೂ. ಬಿಲ್ಲಿನ ಕೆಳಗಡೆ ತೆರಿಗೆ ಪಟ್ಟಿ ಇರುತ್ತೆ, ಯಾರೂ ನೋಡಲ್ಲ. ಅಲ್ಲಿ ತೆರಿಗೆ ಶೇ. 5 ಅಂತಿದೆ, ಮೇಲೆ ಬೆಲೆ ಮಾತ್ರ ಅದೇ ಹಳೇ 180! 180ನ್ನ 1.18ರಿಂದ ಭಾಗಿಸಿ 1.05ರಿಂದ ಗುಣಿಸಿ, 160 ರೂಪಾಯಿ 17 ಪೈಸೆ ಬರುತ್ತೆ. 19 ರೂಪಾಯಿ 83 ಪೈಸೆ ಅಂಗಡಿಯವರ ಜೇಬಿಗೆ. ಮೂರು ಸಲ ಹೋದೆ. ಮೊದಲನೇ ಸಲ ಮ್ಯಾನೇಜರ್ ಇಲ್ಲ. ಎರಡನೇ ಸಲ "ಹಳೇ ಸ್ಟಾಕು ಸಾರ್". ಮೂರನೇ ಸಲ ಮುಂದಿನ ಖರೀದೀಲಿ ಕಳೀತೀವಿ ಅಂತ ಚೀಟಿ ಕೊಡಕ್ಕೆ ಬಂದ್ರು. ನಾನು ಚೀಟಿ ಕೊಟ್ಟು ಶಾಂಪೂ ತಂದಿರಲಿಲ್ಲ, ದುಡ್ಡು ಕೊಟ್ಟು ತಂದಿದ್ದೆ, ಬೇಡ ಅಂದೆ. ಮನೆಗೆ ಬಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ಕನ್ನಡದಲ್ಲೇ ಬರೆಸಿಕೊಂಡ್ರು. ಹನ್ನೊಂದನೇ ದಿನಕ್ಕೆ ನನ್ನ ಖಾತೆಗೆ 19 ರೂಪಾಯಿ 83 ಪೈಸೆ ಬಂತು. ಪಾಸ್‌ಬುಕ್ಕಿನಲ್ಲಿ ಆ ಸಾಲಿಗೆ ಕೆಂಪು ಗೆರೆ ಎಳೆದು ಇಟ್ಟಿದೀನಿ.

ಮಂಡ್ಯ, ಸುಭಾಷ್ ನಗರ
1915 ಅಂದ್ರೆ ಅಂಗಡಿಯೋರಿಗೆ ಒಂದ್ ಮೆಸೇಜ್ ಕಳಿಸ್ತಾರೆ, ಅಷ್ಟೆಯ. ಕೊಡ್ಲೇಬೇಕು ಅಂತ ಆದೇಶ ಮಾಡೋ ಅಧಿಕಾರ ಅವ್ರಿಗಿಲ್ಲ. ನಂಗೆ ಅಲ್ಲಿಂದ ಬಂದ ಉತ್ತರ "ದೂರು ಮುಕ್ತಾಯವಾಗಿದೆ" ಅಂತ. ಯಾರಿಗಮ್ಮ ಮುಕ್ತಾಯ ಆಯ್ತು?

ನಂದು ತುಪ್ಪದ ಡಬ್ಬ. ಮೇಲೆ ಚೀಟಿ ಅಂಟ್ಸಿದ್ರು 625 ಅಂತ. ಡಬ್ಬ ಒರ್ಸ್ತಾ ಚೀಟಿ ಮೂಲೆ ಎದ್ದಿತ್ತು, ಉಗುರಲ್ಲಿ ಕೆರುದ್ರೆ ಅಡೀಲಿ 590. ಬೆಲೆ ಇಳ್ಸಕ್ಕೆ ಚೀಟಿ ಅಂಟ್ಸಬೌದು, ಏರ್ಸಕ್ಕಲ್ಲ. ಇಳ್ಸುದ್ರೂ ಹಳೇ ಎಂಆರ್‌ಪಿ ಕಾಣಂಗೆ ಇರ್ಬೇಕು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹಾಕ್ದೆ. ನಾವ್ ಕೊಟ್ಟಿರೋ ದುಡ್ಡು 5 ಲಕ್ಷದೊಳ್ಗಿದ್ರೆ ಶುಲ್ಕ ಇಲ್ಲ, ವಕೀಲ್ರೂ ಬೇಕಿಲ್ಲ, ನಾನೇ ವಾದ ಮಾಡ್ದೆ. 14 ತಿಂಗ್ಳು, 9 ಸಲ ವಾಯ್ದೆ. ನೋಟರಿಗೆ 200, ಜೆರಾಕ್ಸಿಗೆ 340, ನೋಟೀಸು ಪೋಸ್ಟಿಗೆ 86, ಪ್ರತಿ ವಾಯ್ದೆಗೂ ಅರ್ಧ ದಿನ ಗ್ಯಾರೇಜ್ ಮುಚ್ಚುದ್ರೆ 400ರಂಗೆ 3,600. ಒಟ್ಟು 4,226. ಆದೇಶ ಆಯ್ತು: 35 ವಾಪಸ್, 3,000 ಪರಿಹಾರ, 2,000 ಖರ್ಚು. ಅದನ್ನೂ ಕೊಡ್ಲಿಲ್ಲ ಆ ಅಂಗಡಿಯೋರು! ಆದೇಶ ಜಾರಿ ಮಾಡ್ಸಿ ಅಂತ ಅಮಲ್ಜಾರಿ ಅರ್ಜಿ ಹಾಕಿ ಇನ್ನೂ ನಾಕ್ ತಿಂಗ್ಳು ಓಡಾಡುದ್ಮೇಲೆ ಚೆಕ್ ಬಂತು. ಕೈಗೆ ಮಿಕ್ಕಿದ್ದು 809. ಇವತ್ತು ಆ ಅಂಗಡೀಲಿ ಒಂದ್ ಡಬ್ಬದ್ ಮೇಲೂ ಎರಡ್ನೇ ಚೀಟಿ ಇಲ್ಲ, ಹೋಗ್ ನೋಡ್ಬನ್ನಿ.

ಕುವೆಂಪುನಗರ, ನಿವೃತ್ತ ಬ್ಯಾಂಕ್ ನೌಕರ
ಮಂಡ್ಯದವರೇ, ನಿಮ್ಮ ಛಲ ದೊಡ್ಡದು. ಆದರೆ 18 ತಿಂಗಳು ಅಲೆಯೋ ದಾರೀನ ಆ ಹೆಣ್ಣುಮಗಳಿಗೆ ತೋರಿಸಬೇಡಿ. ಹತ್ತು ನಿಮಿಷದ ಫೋನಲ್ಲಿ ಮುಗಿಯೋ ಕೆಲಸ.

ಮಂಡ್ಯ, ಸುಭಾಷ್ ನಗರ
ನೀವು 19 ರೂಪಾಯಿ 83 ಪೈಸೆ ಈಸ್ಕೊಂಡು ಮನೆಗ್ ಹೋದ್ರಿ ಸ್ವಾಮಿ. ನಿಮ್ ಹಿಂದೆ ಸಾಲಲ್ಲಿ ನಿಂತಿದ್ದೋನು 180 ಕೊಟ್ಟ. ಅವ್ನ ದುಡ್ಡು ಯಾರ್ ಕೇಳ್ಬೇಕು?

ಬಿಲ್ಲಿಂಗ್ ಕೌಂಟರ್, ಮೈಸೂರು
ನಾನು ಆರು ವರ್ಷದಿಂದ ಕೌಂಟರಲ್ಲಿ ಕೂತಿದೀನಿ, ಅಂಗಡಿ ಹೆಸರು ಹೇಳಲ್ಲ. ದರ ಹಾಕೋದು ನಾವಲ್ಲ. ಆಫರ್ರು ಹೆಡ್ಡಾಫೀಸಿಂದ ರಾತ್ರಿ ಸಿಸ್ಟಂಗೆ ಬರುತ್ತೆ. ಶೆಲ್ಫಿನ ಚೀಟಿ ಬದಲಾಯಿಸೋ ಹುಡುಗ್ರು ಬೆಳಿಗ್ಗೆ ಬರ್ತಾರೆ, ನಾಲ್ಕು ಸಾವಿರ ಚೀಟಿಗೆ ಇಬ್ಬರು. ಅವರು ಕೊನೇ ಸಾಲಿಗೆ ಹೋಗೋಷ್ಟರಲ್ಲಿ ಮಧ್ಯಾಹ್ನ. ಅಷ್ಟು ಹೊತ್ತು ಚೀಟೀಲಿ ಒಂದು ರೇಟು, ಸ್ಕ್ಯಾನ್ ಮಾಡಿದ್ರೆ ಇನ್ನೊಂದು. ಒಂದು ಐಟಂ ತೆಗೀಬೇಕಂದ್ರೂ ಸೂಪರ್‌ವೈಸರ್ ಬಂದು ಪಾಸ್‌ವರ್ಡ್ ಹಾಕಬೇಕು. ರಾತ್ರಿ ಕ್ಯಾಶ್ ಟ್ಯಾಲಿ ಮಾಡುವಾಗ 50 ರೂ. ಕಮ್ಮಿ ಬಂದ್ರೆ ನನ್ನ ಸಂಬಳದಲ್ಲಿ ಕಟ್ಟು. ಹೋದ ಯುಗಾದಿ ಹಿಂದಿನ ದಿನ ಒಬ್ಬರು ಬೆಲ್ಲದ ಪ್ಯಾಕೆಟ್ಟು ನನ್ನ ಮುಂದೆ ಕುಕ್ಕಿ "ಕಳ್ಳಿ" ಅಂದ್ರು, ನನ್ನ ಮಗಳು ಅಲ್ಲೇ ಬಾಗಿಲಲ್ಲಿ ಕಾಯ್ತಿದ್ಲು. ಅದನ್ನ ನಾನಿನ್ನೂ ಮರೆತಿಲ್ಲ. ಬೆಲೆ ಕೇಳಿ, ಬಿಲ್ ಹಿಡ್ಕೊಂಡು ಕೇಳಿ. ಕೂತವರನ್ನ ಕಳ್ಳರು ಅನ್ನಬೇಡಿ.

ಬೋಗಾದಿ ಅಜ್ಜಿ
ನಿನ್ನನ್ನ ಯಾರೂ ಅಂದಿಲ್ಲ ಮಗಳೇ. ಆದ್ರೆ ಒಂದು ಹೇಳು, ಸಿಸ್ಟಂ ತಪ್ಪಾದಾಗೆಲ್ಲ ಜಾಸ್ತಿಗೇ ಯಾಕೆ ತಪ್ಪಾಗುತ್ತೆ? ಏಳು ವರ್ಷದಲ್ಲಿ ಎರಡೇ ಸಲ ಕಮ್ಮಿ ಬಿದ್ದಿದ್ದು ನನಗೆ. ಎರಡು ಸಲಾನೂ ವಾಪಸ್ ಹೋಗಿ ಕೊಟ್ಟು ಬಂದಿದೀನಿ.

ಅಗ್ರಹಾರ, ದಿನಸಿ ಅಂಗಡಿ ಮನೆಯವರು
ಅದಕ್ಕೇ ಹೇಳೋದು, ಪಕ್ಕದ ದಿನಸಿ ಅಂಗಡೀಲಿ ತಗೊಳ್ಳಿ. ನಮ್ಮಪ್ಪ 31 ವರ್ಷದಿಂದ ಅಂಗಡಿ ಇಟ್ಟವ್ರು. ಬೇಳೇಲಿ ಹುಳ ಬಂದ್ರೆ ತಿಂಗಳಾದ್ಮೇಲೂ ಬದಲಾಯಿಸಿ ಕೊಡ್ತಾರೆ, ಬಿಲ್ ತೋರ್ಸಿ ಅನ್ನಲ್ಲ. ಈ ಎಸಿ ಅಂಗಡಿಗಳು ಬಂದ್ಮೇಲೆ ನಮ್ಮ ಬೀದೀಲೇ ಮೂರು ಬಾಗಿಲು ಹಾಕಿದ್ವು.

ಕುವೆಂಪುನಗರ, ನಿವೃತ್ತ ಬ್ಯಾಂಕ್ ನೌಕರ
ಬಿಲ್ ತೋರ್ಸಿ ಅನ್ನಲ್ಲ ಸರಿ, ಬಿಲ್ ಕೊಡ್ತೀರಾ? ಕಡಲೆಕಾಯಿ ಕಟ್ಟೋ ಕಾಗದದ ಮೇಲೆ ಪೆನ್ಸಿಲಲ್ಲಿ ಕೂಡಿದ ಲೆಕ್ಕ ಯಾವ ಆಯೋಗದಲ್ಲೂ ನಡೆಯಲ್ಲ.

ಅಗ್ರಹಾರ, ದಿನಸಿ ಅಂಗಡಿ ಮನೆಯವರು
ಸಾರ್, ಆ ಪೆನ್ಸಿಲ್ ಲೆಕ್ಕದಲ್ಲೇ ಕೊರೋನಾ ವರ್ಷ ನಲವತ್ತು ಮನೆಗೆ ಸಾಲ ಕೊಟ್ಟಿದ್ದು. ಹನ್ನೊಂದು ಮನೆ ಇವತ್ತಿಗೂ ಕೊಟ್ಟಿಲ್ಲ. ನಾವು ಯಾವ ಆಯೋಗಕ್ಕೆ ಹೋಗೋಣ?

ಬೋಗಾದಿ ಅಜ್ಜಿ
ಚಿಕ್ಕ ಅಂಗಡೀಲೂ ಆಗುತ್ತಮ್ಮ. ದೀಪಾವಳಿಗೆ ಒಂದು ಕಡೆ ಮೈಸೂರ್ ಪಾಕ್ ಅರ್ಧ ಕೆಜಿ ತೂಗಿದ್ರು, ರಟ್ಟಿನ ಡಬ್ಬ ಸಮೇತ. ಮನೇಲಿ ಬರೀ ಡಬ್ಬ ತೂಗಿದ್ರೆ 62 ಗ್ರಾಂ. ರಟ್ಟನ್ನ ಮೈಸೂರ್ ಪಾಕ್ ರೇಟಲ್ಲಿ ಕೊಂಡಂಗಾಯ್ತು. ಮಾರನೇ ದಿನ ಹೋಗಿ ಡಬ್ಬ ತಕ್ಕಡೀಲಿಟ್ಟು ತೋರ್ಸಿ ನಾಲ್ಕು ತುಂಡು ಹಾಕಿಸ್ಕೊಂಡು ಬಂದೆ. ನಮ್ಮನೆ ಹುಡುಗ್ರು ಮರ್ಯಾದೆ ಹೋಯ್ತು ಅಂದ್ರು. ತೂಕದಲ್ಲಿ ಮೋಸ ಮಾಡಿದವರಿಗೆ ಹೋಗಬೇಕಾದ ಮರ್ಯಾದೆ ಅದು.

ವಿಜಯನಗರ ಎರಡನೇ ಹಂತ
ಎಲ್ಲರೂ ಸ್ವಂತ ಕಥೆ ಹೇಳ್ತಿದೀರಿ, ಕೇಳಿದವರ ಬೇಳೆ ಅಲ್ಲೇ ಉಳೀತು. ಅವರ ಪ್ಯಾಕೆಟ್ ಮೇಲಿನ ಎಂಆರ್‌ಪಿ ಎಷ್ಟು? 168ಕ್ಕಿಂತ ಜಾಸ್ತಿ ಇದ್ದೇ ಇರುತ್ತೆ. ಹಾಗಿದ್ರೆ ಅದು ಎಂಆರ್‌ಪಿ ಮೀರಿದ ಕೇಸಲ್ಲ, ತೂಕ, ಅಳತೆ, ಎಂಆರ್‌ಪಿ ನೋಡ್ಕೊಳ್ಳೋ ಕಾನೂನು ಮಾಪನ ಇಲಾಖೆಗೆ ಹೋದ್ರೆ ಪ್ರಯೋಜನ ಇಲ್ಲ. ಒಂದು ಬೆಲೆ ತೋರಿಸಿ ಇನ್ನೊಂದು ಹಾಕಿದ್ದು ಅನುಚಿತ ವ್ಯಾಪಾರ ಪದ್ಧತಿ. ಅದಕ್ಕೆ ಶೆಲ್ಫಿನ ಚೀಟಿ ಫೋಟೋ ಬೇಕು. ನಾನೇ ಫೋಟೋ ಇಲ್ಲದೆ ಹೋಗಿ ಒಂದು ಮಿಕ್ಸಿ ಜಾರಿಗೆ 240 ಕಳ್ಕೊಂಡೆ. ಸಂಜೆ ಹೋಗೋಷ್ಟರಲ್ಲಿ ಚೀಟಿ ಬದಲಾಗಿತ್ತು. ಇನ್ನು ಕೈಚೀಲ: 2020ರ ಡಿಸೆಂಬರಲ್ಲೇ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿದೆ, ಮೊದಲೇ ತಿಳಿಸದೆ ಕೌಂಟರಲ್ಲಿ ಚೀಲಕ್ಕೆ ದುಡ್ಡು ಹಾಕೋದು ತಪ್ಪು ಅಂತ.

ಬಿಲ್ಲಿಂಗ್ ಕೌಂಟರ್, ಮೈಸೂರು
ಚೀಲದ ರೇಟು ನಮ್ಮಲ್ಲಿ ಬಾಗಿಲಲ್ಲೇ ಬರೆದಿದೆ.

ಮಂಡ್ಯ, ಸುಭಾಷ್ ನಗರ
ಎಷ್ಟ್ ದೊಡ್ಡಕ್ಷರದಲ್ಲಿ ಬರ್ದವ್ರೆ? ನಾನೂ ನೋಡಿವ್ನಿ ಅಂಥ ಬೋರ್ಡು, ತೆಂಗಿನಕಾಯಿ ಬುಟ್ಟಿ ಹಿಂದ್ಗಡೆ, ಬಗ್ಗಿ ಓದ್ಬೇಕು.

ಬಿಲ್ಲಿಂಗ್ ಕೌಂಟರ್, ಮೈಸೂರು
ಅಣ್ಣ, ಬುಟ್ಟಿ ಇಟ್ಟವಳು ನಾನಲ್ಲ.

ಸರಸ್ವತಿಪುರಂ ಗೃಹಿಣಿ
ಇವತ್ತು ಬಿಲ್ಲು, ಬೇಳೆ, ನಾಲ್ಕು ಸೋಪು ಎಲ್ಲಾ ಚೀಲದಲ್ಲಿ ಹಾಕ್ಕೊಂಡು ಹೋಗಿದ್ದೆ. ಬೇಳೆ ಎಂಆರ್‌ಪಿ 195 ಇದೆ, ವಿಜಯನಗರದವರು ಹೇಳಿದ್ದು ಸರಿ. ಶೆಲ್ಫಿನ ಚೀಟಿ ಆಗಲೇ 168 ಆಗಿದೆ. ಆದ್ರೆ ಸೋಪಿನ ಬೋರ್ಡು ಇನ್ನೂ ತೂಗ್ತಾ ಇತ್ತು! ಅದರ ಕೆಳಗೆ ನಿಂತು ಫೋಟೋ ತೆಗೆದೆ, ಮ್ಯಾನೇಜರ್ ಬಂದು 30 ರೂಪಾಯಿ ನಗದು ಕೊಟ್ರು. ಚೀಲದ 12 ಕೊಡಲ್ಲ ಅಂದ್ರು. ಬಾಗಿಲಲ್ಲಿ ಬೋರ್ಡು ಹುಡುಕಿದೆ, ಎಲ್ಲೂ ಇಲ್ಲ. ಬಾಗಿಲಿಂದು ಹೊರಗಿಂದ, ಒಳಗಿಂದ ಎರಡು ಫೋಟೋ ತೆಗೆದಿದೀನಿ. ಬೇಳೆ 19 ಹೋಯ್ತು ಅನ್ಸುತ್ತೆ, ಅದೊಂದು ಹೊಟ್ಟೆಗೆ ಹಾಕ್ಕೋತೀನಿ. 12ಕ್ಕೆ ಈಗ ತಾನೇ 1915ಗೆ ದೂರು ಕೊಟ್ಟೆ.

ಕುವೆಂಪುನಗರ, ನಿವೃತ್ತ ಬ್ಯಾಂಕ್ ನೌಕರ
ದೂರಿನ ಸಂಖ್ಯೆ ಬಿಲ್ಲಿನ ಹಿಂದೆ ಬರೆದಿಡಿ ತಾಯಿ. ಪೆನ್ನಲ್ಲಿ.

ಮಂಡ್ಯ, ಸುಭಾಷ್ ನಗರ
ಮುಕ್ತಾಯ ಅಂತ ಮೆಸೇಜ್ ಬಂದ್ರೆ ಇಲ್ಲೇ ಹೇಳಮ್ಮ, ನನ್ನ ಅರ್ಜಿ ನಕಲು ಕಳಿಸ್ತೀನಿ.